ಅವಳ ಮಾತನ್ನು ಅವನೇ ಹೇಳಿಬಿಟ್ಟ

ಏಳು ಸಮುದ್ರಗಳಾಚೆಯ ರಾಜಕುಮಾರಿಯ ಕಥೆಯಲ್ಲ ಇದು. ನಮ್ಮ ಕಡೆ ಸಮುದ್ರವೆಲ್ಲಿದೆ? ಇರುವುದು ಕೆರೆಗಳು. ಹೆಬ್ಬಾಳದ ಕೆರೆಯಾಚೆ ಕೊಡಿಗೇಹಳ್ಳಿಯಲ್ಲಿ ಒಬ್ಬ ಹುಡುಗನಿದ್ದ. ಕೆರೆಯಿಂದ ಈಚೆ, ಎರಡು ಬಸ್ಸು ಬದಲಿಸಿ ಸೇರಬೇಕಾದ ದಾಸರಹಳ್ಳಿಯಲ್ಲಿ ಒಬ್ಬ ಹುಡುಗಿಯಿದ್ದಳು.

ಹುಡುಗನಿಗೆ ಎಲ್ಲರ ಮಾತೂ ಬಾಯಿಪಾಠ. ಹುಡುಗಿಗೆ ತನ್ನ ಒಂದೇ ಒಂದು ಮಾತು ಹೇಳಲು ಬಾಯಿ ಬರುತ್ತಿರಲಿಲ್ಲ.

ಅಜ್ಜಿಯರ ಕಥೆಗಳಲ್ಲಿ ರಾಜಕುಮಾರಿಗೆ ಒಂದು ಕೆಲಸ ಒಪ್ಪಿಸಿರುತ್ತಾರಲ್ಲ, ಹಾಗೆ ಈ ಹುಡುಗಿಗೂ ಒಂದು ಕೆಲಸವಿತ್ತು. ಆ ಮಾತನ್ನು ಅವಳೇ ಹೇಳಬೇಕು. ಅವಳು ಹೇಳುವವರೆಗೆ ನಾನು ಈ ಕಥೆ ಬಿಡುವುದಿಲ್ಲ. ಹೇಳಿದ ಮೇಲೆ ಒಂದು ಗಳಿಗೆಯೂ ಎಳೆಯುವುದಿಲ್ಲ.

ಅವಳ ಹೆಸರು ಶರಣವ್ವ.

*

ಅದು ಸಾವಿರದ ಒಂಬೈನೂರ ಎಪ್ಪತ್ತೇಳರ ನವೆಂಬರ್. ಪೀಣ್ಯದ ಒಂದು ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕಾರ್ಖಾನೆಯ ಶೆಡ್ಡಿನಲ್ಲೇ ನಾಟಕ ಆಡುತ್ತಿದ್ದರು. ಶರಣವ್ವನ ಅಪ್ಪ ಸಂಗಪ್ಪ ಅಲ್ಲಿ ಫೋರ್‌ಮನ್, ಸಂಘಕ್ಕೂ ಅವರೇ ಅಧ್ಯಕ್ಷರು. ರೋಣದ ಕಡೆಯಿಂದ ಕೆಲಸಕ್ಕೆಂದು ಬಂದು ದಾಸರಹಳ್ಳಿಯಲ್ಲಿ ನೆಲೆ ನಿಂತವರು. ಹೆಣ್ಣು ಪಾತ್ರಕ್ಕೆ ಗೊತ್ತುಮಾಡಿದ್ದ ನಟಿ ಜ್ವರದಿಂದ ಮಲಗಿದ್ದರಿಂದ, ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದ ಮಗಳನ್ನೇ ಅವರು ಹಿಂದುಮುಂದು ನೋಡಿ ರಂಗಕ್ಕೆ ಹತ್ತಿಸಿದ್ದರು.

ಸೈನಿಕನ ಹೆಂಡತಿಯ ಪಾತ್ರ. ಕಾಗದ ಬರುತ್ತದೆ, ಒಡೆದು ಓದುತ್ತಾಳೆ. ‘ಅವರು ಬರುವುದಿಲ್ಲವಂತೆ’ ಎನ್ನುತ್ತಾಳೆ. ಇಷ್ಟೇ ದೃಶ್ಯ.

ಶರಣವ್ವ ಕಾಗದ ಓದಿದಳು. ಮಡಚಿದಳು. ಸುಮ್ಮನೆ ನಿಂತಳು.

ಮುಂದಿನ ಸಾಲಿನ ಹೆಂಗಸರ ಮಡಿಲಲ್ಲಿದ್ದ ಮಕ್ಕಳೂ ಸುಮ್ಮನಾದವು. ಇನ್ನೊಂದು ಉಸಿರು... ಇನ್ನೊಂದೇ ಉಸಿರು ತಡೆದು ಹೇಳಿದರೆ ಇಡೀ ಶೆಡ್ಡು ತನ್ನ ಜೊತೆ ಅಳುತ್ತದೆ ಎಂದು ಅವಳ ಮೈಗೆಲ್ಲ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಪರದೆಯ ಹಿಂದಿನಿಂದ ಗಂಡುದನಿಯೊಂದು ಬಂತು. “ಅವರು ಬರುವುದಿಲ್ಲವಂತೆ.”

ಅವಳು ಮಾತಾಡಲಿಲ್ಲ. ದನಿ ಇನ್ನಷ್ಟು ಗಟ್ಟಿಯಾಯಿತು. “ಅವರು ಬರುವುದಿಲ್ಲವಂತೆ!”

ಮೂರನೇ ಸಾಲಿನಲ್ಲಿ ಯಾರೋ, “ಗೊತ್ತಾಯ್ತು ಬಿಡು ಗುರು, ಬರಲ್ಲಂತೆ” ಎಂದರು. ಶೆಡ್ಡು ಹೋ ಎಂದು ನಕ್ಕಿತು.

ಪರದೆ ಬಿದ್ದದ್ದೇ ತಡ, ಶರಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ದನಿಯನ್ನು ಹುಡುಕಿ ಹೋದಳು. ಮರದ ಪೆಟ್ಟಿಗೆಯ ಮೇಲೆ ನಾಟಕದ ಪುಸ್ತಕ ಹಿಡಿದು ಕೂತಿದ್ದವನು ಅದೇ ಕಾರ್ಖಾನೆಯ ಫಿಟ್ಟರ್, ಕೊಡಿಗೇಹಳ್ಳಿಯ ಮುನಿರಾಜು. ಎತ್ತರದ ಆಳು. ಅವಳನ್ನು ಕಂಡದ್ದೇ ಎದ್ದು ನಿಂತ.

“ನಾ ಮರತೀನಂತ ನಿಮಗ ಯಾರು ಹೇಳಿದ್ರು?”

“ಯಾರೂ ಯೋಳಿಲ್ಲ ಕಣ್ರೀ. ನೀವು ಸುಮ್ನೆ ನಿಂತ್ಬಿಟ್ರಿ.”

“ಸುಮ್ಮನ ನಿಂದ್ರೋದೂ ಆ ಪಾತ್ರದ ಮಾತೇ ಐತಿ.”

“ಪುಸ್ತಕದಾಗೆ ಅಂಗಂತ ಬರ್ದಿಲ್ವಲ್ಲ?”

ಅವಳಿಗೆ ಕಣ್ಣಲ್ಲಿ ನೀರೇ ಬಂತು. ಪುಸ್ತಕ ಕಿತ್ತುಕೊಂಡು, ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನೂ ಎಳೆದುಕೊಂಡು, ಆ ಸಾಲಿನ ಪಕ್ಕ ‘ಇಲ್ಲಿ ಬಾಯಿ ಮುಚ್ಚಿಕೊಂಡಿರುವುದು’ ಎಂದು ಬರೆದು ಅವನ ಕೈಗೆ ತುರುಕಿ ಹೊರಟುಹೋದಳು.

ಮುನಿರಾಜು ಆ ಸಾಲನ್ನು ಎರಡು ಸಲ ಓದಿದ. ಬರವಣಿಗೆ ಬಲು ಚಂದ ಎನಿಸಿತು ಅವನಿಗೆ. ಬೈಗುಳವೂ ಇಷ್ಟು ದುಂಡಗೆ ಬರೆಯಬಹುದೇ!

*

ಅವನ ತಪ್ಪಿಗೆ ಒಂದು ಕಾರಣವಿತ್ತು. ಶರಣವ್ವನಿಗೆ ಅದು ತಿಳಿದದ್ದು ಕೆಲವು ತಿಂಗಳ ಮೇಲೆ, ಅವಳ ಕಾಲೇಜಿನ ದಾರಿಯೂ ಅವನ ಊರಿನ ದಾರಿಯೂ ಹೆಬ್ಬಾಳದಲ್ಲಿ ಕೂಡಿ ಮಾತು ಬೆಳೆದಾಗ.

ಕೊಡಿಗೇಹಳ್ಳಿಯಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ. ಆಡುವವರೆಲ್ಲ ಹೊಲ ಉಳುವ, ದ್ರಾಕ್ಷಿ ಬಳ್ಳಿ ಕಟ್ಟುವ ದೊಡ್ಡವರು. ಅಕ್ಷರ ಬಲ್ಲವರು ಕಡಿಮೆ. ಹತ್ತು ವರ್ಷದವನಿದ್ದಾಗಿನಿಂದ ಮುನಿರಾಜು ಪುಸ್ತಕ ಹಿಡಿದು ಪರದೆಯ ಹಿಂದೆ ಕೂರುತ್ತಿದ್ದ. ಭೀಮನೋ ಅರ್ಜುನನೋ ಅರ್ಧಕ್ಕೆ ನಿಂತರೆ ಮರುಕ್ಷಣವೇ ಮಾತು ಎತ್ತಿಕೊಡಬೇಕು. ತಡವಾದರೆ ಶಿಳ್ಳೆ, ಶಿಳ್ಳೆಯ ಹಿಂದೆ ಜಗಳ. ಒಂದು ವರ್ಷ ಅವನು ತೂಕಡಿಸಿದ್ದಕ್ಕೆ ಅವನಪ್ಪನೇ ರಂಗದ ಮೇಲೆ ಗದೆ ಹಿಡಿದು ಮೂಕನಂತೆ ನಿಂತಿದ್ದರಂತೆ. ಆಮೇಲೆ ಅವರು ಬಣ್ಣ ಹಚ್ಚಲೇ ಇಲ್ಲ.

“ಅವತ್ತಿಂದ ಯಾರಾದ್ರೂ ಸುಮ್ಕಾದ್ರೆ ನಂಗೆ ಎದೆ ಒಡ್ಕಂಡೋಗ್ತದೆ,” ಎಂದಿದ್ದ ಅವನು, ಹೆಬ್ಬಾಳದ ಕೆರೆ ಏರಿಯ ಮೇಲೆ ಸೈಕಲ್ ತಳ್ಳುತ್ತಾ. “ಮಾತು ಕೊಟ್ಬುಡಾನ ಅನ್ನಿಸ್ತದೆ.”

ಶರಣವ್ವ ಅವನನ್ನು ಅಂದೇ ಕ್ಷಮಿಸಿದಳು. ಕ್ಷಮಿಸಿದ್ದು ಮಾತ್ರವೇ? ಅಲ್ಲ ಎಂದು ಅವಳ ಮನಸ್ಸಿಗೆ ಗೊತ್ತಿತ್ತು.

ವಾರಕ್ಕೊಮ್ಮೆ ಅವನ ಪಾಳಿ ಬೇಗ ಮುಗಿಯುತ್ತಿತ್ತು. ಅವಳ ಕಾಲೇಜು ಬಿಡುವ ಹೊತ್ತಿಗೆ ಅವನು ಏರಿಯ ಮೇಲಿರುತ್ತಿದ್ದ. ಬುಟ್ಟಿಯಲ್ಲಿ ಮನೆಯ ದ್ರಾಕ್ಷಿ, ಇಲ್ಲವೇ ಕತ್ತರಿಸಿಟ್ಟ ಪತ್ರಿಕೆಯ ತುಂಡು. ವಿದೇಶದಲ್ಲಿ ನಾಟಕ ಕಲಿಸುವ ಶಾಲೆಗಳಿವೆ, ವಿದ್ಯಾರ್ಥಿವೇತನ ಕೊಡುತ್ತಾರೆ ಎಂಬ ಸುದ್ದಿ ಅವಳಿಗೆ ಸಿಕ್ಕಿದ್ದು ಅಂಥ ಒಂದು ತುಂಡಿನಲ್ಲೇ.

ಮಣ್ಣಿನ ಗುಣ, ರಾಗಿಯ ತಳಿ, ಕೀಟದ ಕಾಲುಗಳು... ಇದನ್ನೆಲ್ಲ ಅವಳು ಚೆನ್ನಾಗಿಯೇ ಓದುತ್ತಿದ್ದಳು. ಆದರೆ ಆ ಮೌನದ ಗಳಿಗೆಯಲ್ಲಿ ರಂಗದ ಮೇಲೆ ಆದದ್ದು ಅವಳಿಗೆ ಬೇರೆಲ್ಲೂ ಆಗಿರಲಿಲ್ಲ. ನನಗೆ ಅದೇ ಬೇಕು, ಅದನ್ನು ಸರಿಯಾಗಿ ಕಲಿಯಬೇಕು ಎಂದು ನಿರ್ಧರಿಸಿಬಿಟ್ಟಿದ್ದಳು.

ಅಪ್ಪನ ಬಳಿ ಒಂದೇ ಒಂದು ಸಲ ಸುಳಿವು ಕೊಟ್ಟಿದ್ದಳು. ಸಂಗಪ್ಪ ಬಹಳ ಹೊತ್ತು ಮೀಸೆ ತಿರುವಿ, ಮೊದಲು ಡಿಗ್ರಿ ಮುಗಿಸು, ಆಮೇಲೆ ನೀ ಕೇಳಿದ್ದಕ್ಕೆ ಇಲ್ಲ ಎನ್ನುವುದಿಲ್ಲ ಎಂದು ಮಾತು ಕೊಟ್ಟರು. ನಾಲ್ಕು ವರ್ಷದ ಓದು ಮುಗಿಯುವಷ್ಟರಲ್ಲಿ ಹುಚ್ಚು ಇಳಿದಿರುತ್ತದೆ ಎಂದು ಅವರ ಎಣಿಕೆ.

ಇಳಿಯಲಿಲ್ಲ.

*

ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ, ಅವಳು ಅರ್ಜಿ ಹಾಕಿದ್ದ ಎರಡು ನಾಟಕ ಶಾಲೆಗಳ ಸಂದರ್ಶನ. ಎರಡೂ ಬೆಂಗಳೂರಿನಲ್ಲೇ.

ಲಂಡನ್ನಿನ ಶಾಲೆಯವರು ಇಂಗ್ಲಿಷ್ ಪದ್ಯ ಹೇಳಿಸಿದರು. ಉಚ್ಚಾರಣೆ ತಿದ್ದಿದರು. ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು, ಒಳ್ಳೆಯ ಹುಡುಗಿ, ಸುಧಾರಿಸುತ್ತಾಳೆ ಎಂದರು.

ಮಾಸ್ಕೋದ ಶಾಲೆಯ ಪರವಾಗಿ ಬಂದಿದ್ದ ಮುದುಕಿ ಪದ್ಯ ಕೇಳಲೇ ಇಲ್ಲ. ಕುರ್ಚಿ ತೋರಿಸಿದಳು. ಪಕ್ಕದಲ್ಲಿದ್ದ ದುಭಾಷಿ, “ನಿಮ್ಮವರೊಬ್ಬರು ಬರ್ತಾರೆ ಅಂತ ಕಾಯ್ತಾ ಇದ್ದೀರಿ. ಮಾತು ಬೇಡವಂತೆ” ಎಂದ.

ಶರಣವ್ವ ಕಾದಳು. ಹತ್ತು ನಿಮಿಷ... ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ಯಾರೂ ಅವಳಿಗೆ ಮಾತು ಎತ್ತಿಕೊಡಲಿಲ್ಲ. ಮುದುಕಿ ಕೊನೆಗೆ ಎದ್ದು ಬಂದು ಅವಳ ಕೆನ್ನೆ ತಟ್ಟಿದಳು. ಐದು ವರ್ಷ ಓದು, ಮೊದಲ ವರ್ಷ ಬರೀ ಭಾಷೆ, ಕಷ್ಟ ಎಂದಳಂತೆ.

ಹೊರಗೆ ಬಂದಾಗ ಶರಣವ್ವನ ಎದೆಯಲ್ಲಿ ಆಯ್ಕೆ ಆಗಿಹೋಗಿತ್ತು.

ಮುನಿರಾಜುವಿಗೆ ಎರಡೂ ಸಂದರ್ಶನದ ಸುದ್ದಿ ಹೇಳಿದಳು. ಆಯ್ಕೆಯನ್ನು ಹೇಳಲಿಲ್ಲ. ಹೇಳಿದರೆ ಅವನ ಮುಖ ಹೇಗಾಗುತ್ತದೋ ನೋಡಲು ಧೈರ್ಯ ಬರಲಿಲ್ಲ. ಐದು ವರ್ಷ... ಅವನ ಮನೆಯಲ್ಲಿ ಆಗಲೇ ಹೆಣ್ಣು ನೋಡುವ ಮಾತು ಎದ್ದಿತ್ತು.

*

ಜೂನ್‌ನಲ್ಲಿ ಪರೀಕ್ಷೆಯ ಫಲಿತಾಂಶ ಬಂತು, ಮೊದಲ ದರ್ಜೆ. ಅದೇ ವಾರ ಎರಡೂ ಶಾಲೆಗಳ ಕಾಗದ ಬಂತು. ಎರಡೂ ಕಡೆ ಸೀಟು, ವಿದ್ಯಾರ್ಥಿವೇತನ.

ಭಾನುವಾರ ಬೆಳಿಗ್ಗೆ ಸಂಗಪ್ಪ ನಡುಮನೆಯಲ್ಲಿ ಕೂತು ಮಗಳನ್ನು ಕರೆದರು. ಗೋಡೆಗೆ ಒರಗಿ ಅವರ ತಾಯಿ ಈರವ್ವ ಹೆಸರುಕಾಳು ಆರಿಸುತ್ತಿದ್ದಳು. ತಾಯಿಯಿಲ್ಲದ ಶರಣವ್ವನನ್ನು ಕಥೆ ಹೇಳಿ ಹೇಳಿ ಬೆಳೆಸಿದ ಅಜ್ಜಿ. ಬಾಗಿಲ ಬಳಿ ಮುನಿರಾಜು ಕೂತಿದ್ದ. ಸಂಘದ ಪರದೆಗಳನ್ನು ಎಲ್ಲಿಡುವುದೆಂದು ಕೇಳಲು ಬಂದಿದ್ದ.

“ಮಾತು ಕೊಟ್ಟೀನಿ. ಡಿಗ್ರಿ ಮುಗಿಸಿದಿ. ಈಗ ನೀ ಹೇಳು. ಎಲ್ಲಿಗೆ? ಎಷ್ಟು ದಿನ?”

ಶರಣವ್ವ ಬಾಯಿ ತೆರೆದಳು. ಮಾಸ್ಕೋ. ಐದು ವರ್ಷ. ಮೂರೇ ಪದ. ಅಜ್ಜಿಯ ಕೈ ಕಾಳಿನ ಮೇಲೆ ನಿಂತಿತ್ತು. ಅಪ್ಪನ ಕಿವಿಯ ಹತ್ತಿರದ ಬಿಳಿಕೂದಲು ಇವತ್ತೇ ಯಾಕೆ ಇಷ್ಟು ಕಾಣಬೇಕು?

ಒಂದು ನಿಮಿಷ ಹೋಯಿತು. ಎರಡು...

ಬಾಗಿಲ ಬಳಿಯಿಂದ ಆ ದನಿ ಬಂತು.

“ಲಂಡನ್ನು ಸಾರ್. ಒಂದೇ ವರ್ಷ. ಮುಂದಿನ ವರ್ಷದ ರಾಜ್ಯೋತ್ಸವದೊಳ್ಗೆ ವಾಪಸ್ ಬಂದ್ಬುಡ್ತಾರೆ.”

ಸಂಗಪ್ಪ ದೊಡ್ಡ ಉಸಿರು ಬಿಟ್ಟರು. ಒಂದೇ ವರ್ಷ ಅಲ್ಲವೇ, ಅದಕ್ಕೇನು, ಹೋಗಿಬರಲಿ ಎಂದರು. ಈರವ್ವ ಮೊಮ್ಮಗಳಿಗೆ ದೃಷ್ಟಿ ತೆಗೆದಳು. ಶರಣವ್ವ ನಿಂತಲ್ಲೇ ನಿಂತಿದ್ದಳು.

ಸೋಮವಾರ ಮಧ್ಯಾಹ್ನದೊಳಗೆ ಇಡೀ ಕಾರ್ಖಾನೆಗೆ ಸುದ್ದಿ ಮುಟ್ಟಿತು. ಫೋರ್‌ಮನ್‌ರ ಮಗಳು ಲಂಡನ್ನಿಗೆ. ಶುಕ್ರವಾರ ಸಂಜೆ ಸನ್ಮಾನ.

*

ಮಂಗಳವಾರ ಕೆರೆ ಏರಿಯ ಮೇಲೆ ಅವಳೇ ಅವನಿಗಾಗಿ ಕಾದಿದ್ದಳು. ಮುನಿರಾಜು ನಗುತ್ತಾ ಬಂದ. ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು.

“ನಾ ಲಂಡನ್ ಅಂತ ನಿಮಗ ಯಾವಾಗ ಹೇಳಿದ್ದೆ?”

“ನೀವು ಸುಮ್ಕಾಗ್ಬುಟ್ರಿ. ಎದ್ರಿಕೊಂಡ್ರಿ ಅಂದ್ಕೊಂಡೆ. ಐದು ವರ್ಸ ಅಂದಿದ್ರೆ ನಿಮ್ಮಪ್ಪಾರು ಒಪ್ತಿದ್ರಾ?”

“ಅಪ್ಪನ ಮಾತು ಬಿಡ್ರಿ. ನೀವು ಒಪ್ತಿದ್ರೇನು?”

ಅವನು ಸೈಕಲ್ಲಿನ ಗಂಟೆಯ ಮೇಲೆ ಬೆರಳಾಡಿಸಿದ. ಅವಳಿಗೆ ಅದೇ ಉತ್ತರವಾಯಿತು.

‘ನನಗಾಗಿ ಅಲ್ಲ... ತನಗಾಗಿ ಹೇಳಿದ. ಒಂದು ವರ್ಷವೆಂದರೆ ಅವನಿಗೆ ಸುಲಭ.’

“ಅದು ನಿಮ್ಮ ಮಾತು, ಮುನಿರಾಜು ಅವರೇ. ನನ್ನ ಬಾಯಾಗ ಇಟ್ರಿ. ರಂಗದ ಮ್ಯಾಲೆ ಇಟ್ಟಾಗ ಮಂದಿ ನಕ್ಕರು, ಮುಗೀತು. ಇದು ನನ್ನ ಜೀವನ ಐತಿ.”

ಅವನ ಕಣ್ಣು ಕೆಂಪಾಯಿತು. ತಾನೇ ಹೋಗಿ ಸಾಹೇಬರಿಗೆ ನಿಜ ಹೇಳುತ್ತೇನೆ, ತಪ್ಪಾಯಿತೆಂದು ಕಾಲು ಹಿಡಿಯುತ್ತೇನೆ ಎಂದ. ಅವಳು ಕೈ ಅಡ್ಡ ಹಿಡಿದಳು.

“ಮತ್ತೂ ನೀವೇ ಹೇಳ್ತೀರೇನು? ಬ್ಯಾಡ. ಶನಿವಾರ ಮಾಸ್ಕೋಕ್ಕ ಕಾಗದ ಹಾಕಬೇಕು. ಅದರೊಳಗ ಅಪ್ಪಗ ನಾನೇ ಹೇಳ್ತೀನಿ. ಅದಾದ ಮ್ಯಾಲೆ ನಿಮಗೂ ಒಂದು ಮಾತು ಹೇಳೂದೈತಿ, ಹೇಳೇ ಹೇಳ್ತೀನಿ. ಅಲ್ಲೀತನಕ ನನ್ನ ಪರವಾಗಿ ಯಾರ ಮುಂದೂ ಒಂದಕ್ಷರ ಆಡಬ್ಯಾಡ್ರಿ.”

ಆಡುವುದಿಲ್ಲ ಎಂದ ಅವನು. ಅವಳು ಹೇಳಬೇಕೆಂದಿರುವ ಆ ಒಂದು ಮಾತು ಏನಿದ್ದೀತು ಎಂದು ಅವನಿಗೆ ಗೊತ್ತೇ ಇತ್ತು. ‘ಇನ್ನು ಬರಬೇಡ ಅಂತಾರೆ. ಇನ್ನೇನು ಹೇಳ್ತಾರೆ?’

ಎರಡು ದಿನ ಅವಳು ಸೋತಳು. ಬುಧವಾರ ಅಪ್ಪ ಗಡ್ಡ ಹೆರೆಯುವಾಗ ಹತ್ತಿರ ಹೋಗಿ ನಿಂತು, ಬಿಸಿನೀರು ಬೇಕೇ ಎಂದು ಕೇಳಿ ವಾಪಸ್ಸಾದಳು. ಗುರುವಾರ ಊಟಕ್ಕೆ ಬಡಿಸುವಾಗ ಶುರು ಮಾಡಿದಳು. ಅಪ್ಪ ಲಂಡನ್ನಿನ ಚಳಿಗೆಂದು ತಂದ ಉಣ್ಣೆಯ ಶಾಲು ಬಿಚ್ಚಿ ತೋರಿಸಿದರು. ಅವಳು ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಹೋದಳು.

ಈರವ್ವ ಎಲ್ಲ ನೋಡುತ್ತಿದ್ದಳು. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡಿದ್ದೀಯಲ್ಲ ಎಂದು ಕೇಳಿದಳು. ಶರಣವ್ವ ಎಲ್ಲ ಹೇಳಿ ಅತ್ತಳು. ಕೊನೆಗೆ, ನೀನೇ ಅಪ್ಪನಿಗೆ ತಿಳಿಸಿಬಿಡು ಅಜ್ಜಿ ಎಂದು ಅಂಗಲಾಚಿದಳು.

ಈರವ್ವ ಸೆರಗಿನಿಂದ ಅವಳ ಮೂಗು ಒರೆಸಿದಳು.

“ನನ್ನ ಕಥಿಯೊಳಗ ರಾಜನ ಮಗಳು ಬಾಯಿ ಬಿಡದಿದ್ರ ಗಿಣಿ ಹಾರಿಹೋಗಿ ಹೇಳ್ತಿತ್ತು. ನಾ ಸಾಕಿದ್ದು ಗಿಣೀನ ಅಲ್ಲವ್ವಾ, ನಿನ್ನ. ಐದು ವರ್ಷ ಊರಿಲ್ಲದ ಊರಾಗ ಇರಾಕಿ, ಹೆತ್ತ ತಂದಿಗೆ ಹೇಳಾಕ ಅಂಜತಿ?”

*

ಶುಕ್ರವಾರ ಸಂಜೆ ಐದೂವರೆ. ಸನ್ಮಾನ ಆರೂವರೆಗೆ. ಶರಣವ್ವ ಒಂದು ಗಂಟೆ ಮುಂಚೆಯೇ ಕಾರ್ಖಾನೆಯ ಶೆಡ್ಡಿಗೆ ಬಂದಳು. ಮಂದಿಯ ಮುಂದೆ ಹೇಳಿ ಅಪ್ಪನ ತಲೆ ತಗ್ಗಿಸಬಾರದು. ಹೇಳದೆ ಹಾರ ಹಾಕಿಸಿಕೊಳ್ಳಲೂಬಾರದು. ಉಳಿದಿದ್ದದ್ದು ಈ ಒಂದು ಗಂಟೆ.

ಸಂಗಪ್ಪ ಒಬ್ಬರೇ ಬೆಂಚುಗಳನ್ನು ಸಾಲುಹಿಡಿಸುತ್ತಿದ್ದರು. ಕಪ್ಪುಹಲಗೆಯ ಮೇಲೆ ಅವರದೇ ಅಕ್ಷರ: ‘ಲಂಡನ್ನಿಗೆ ಹೊರಟ ಕುಮಾರಿ ಶರಣವ್ವ ಸಂಗಪ್ಪ ಅವರಿಗೆ ಶುಭಾಶಯ.’ ಮೂಲೆಯಲ್ಲಿ ಏಣಿಯ ಮೇಲೆ ನಿಂತು ಮುನಿರಾಜು ತೋರಣ ಕಟ್ಟುತ್ತಿದ್ದ. ಅವಳನ್ನು ಕಂಡು ಅವನ ಕೈ ಹಗ್ಗದ ಮೇಲೆ ನಿಂತಿತು.

“ಅಪ್ಪಾ, ನಾ ಲಂಡನ್ನಿಗೆ ಹೋಗೂದಿಲ್ಲ.”

ಸಂಗಪ್ಪ ಬೆಂಚು ಕೆಳಗಿಟ್ಟರು. “ಮತ್ತ?”

ಮತ್ತೆ ಅದೇ ಆಯಿತು. ಶೆಡ್ಡಿನ ತಗಡಿನ ಮೇಲೆ ಕಾಗೆ ನಡೆದ ಸದ್ದು... ಅವಳ ತುಟಿಗಳು ಅಲುಗಿದವು, ಮಾತು ಹೊರಡಲಿಲ್ಲ.

ಏಣಿಯ ಮೇಲಿದ್ದ ಮುನಿರಾಜುವಿಗೆ ಆ ಮೂರು ಪದಗಳೂ ಗೊತ್ತಿದ್ದವು. ನಾಲಿಗೆಯ ತುದಿಯಲ್ಲಿದ್ದವು. ಅವನು ತೋರಣದ ಹಗ್ಗವನ್ನು ಹಲ್ಲಿಗೆ ಕಚ್ಚಿಕೊಂಡ. ಬೆವರು ಕಿವಿಯ ಪಕ್ಕದಿಂದ ಇಳಿಯಿತು.

ಆ ಮೌನ ಉದ್ದವಾಗುತ್ತಾ ಹೋಯಿತು. ಯಾರೂ ಅದನ್ನು ತುಂಬಲು ಬರಲಿಲ್ಲ. ಆಗ ಶರಣವ್ವನಿಗೆ ಹೊಳೆಯಿತು: ಈ ಜಾಗ ಪೂರಾ ತನ್ನದು. ಅವಸರವಿಲ್ಲ. ಅವಳು ಒಂದು ಉಸಿರು ಎಳೆದುಕೊಂಡಳು.

“ಮಾಸ್ಕೋಕ್ಕ ಹೋಗ್ತೀನಿ ಅಪ್ಪಾ. ಐದು ವರ್ಷ. ನಡುವ ಒಂದು ಸಲ ಬರಾಕ ಆದ್ರ ಆತು, ಇಲ್ಲಾಂದ್ರ ಇಲ್ಲ. ಒಂದು ವರ್ಷದ ಸರ್ಟಿಫಿಕೇಟ್ ನನಗ ಬ್ಯಾಡ. ನನಗ ಇದನ್ನ ಬುಡದಿಂದ ಕಲೀಬೇಕು.”

“ಐದು ವರ್ಷಕ್ಕ ನಾ ರಿಟೈರ್ ಆಗಿರ್ತೀನಿ. ಅವ್ವ ಇರ್ತಾಳೋ ಇಲ್ಲೋ.”

“ಗೊತ್ತೈತಿ. ಅದಕ್ಕೇ ಹೇಳಾಕ ಇಷ್ಟು ದಿನ ಆತು.”

“ಈ ಹುಡುಗ ಅವತ್ತು ಸುಳ್ಳು ಹೇಳಿದನೇನು?”

“ಇಲ್ಲ. ನಾ ಸುಮ್ಮನಿದ್ದೆ, ಅವರು ನನ್ನ ಉಳಸಾಕ ಹೋದ್ರು. ಆಮ್ಯಾಲಾದ್ರೂ ಅಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ತಪ್ಪು ನಂದು.”

ಏಣಿಯ ಮೇಲೆ ಮುನಿರಾಜು ಕಣ್ಣು ಮುಚ್ಚಿಕೊಂಡ.

ಸಂಗಪ್ಪ ಕಪ್ಪುಹಲಗೆಯತ್ತ ತಿರುಗಿ ಮಗಳಿಗೆ ಬೆನ್ನು ಹಾಕಿ ನಿಂತರು. ಆಮೇಲೆ ತಮ್ಮ ಅಂಗೈಯಿಂದಲೇ ‘ಲಂಡನ್ನಿಗೆ’ ಎಂಬುದನ್ನು ಒರೆಸಿದರು. ಸೀಮೆಸುಣ್ಣದ ತುಂಡನ್ನು ಹಿಂದೆ ನೋಡದೆಯೇ ಮಗಳತ್ತ ಚಾಚಿದರು.

“ಮಾತು ಕೊಡೂ ಮುಂದ ನಾ ವರ್ಷ ಎಣಿಸಿರಲಿಲ್ಲ. ತಗೋ. ನಿನ್ನ ಊರು ನೀನೇ ಬರಿ.”

ಅವಳು ಬರೆದಳು. ಅವಳ ದುಂಡಗಿನ ಅಕ್ಷರ ಇಲ್ಲಿ ಸೊಟ್ಟಗಾಯಿತು. ಸಂಗಪ್ಪ ಮೂಗು ಸೀಟಿ, ಆ ಶಾಲು ಅಲ್ಲಿಯ ಚಳಿಗೆ ಸಾಲದು, ಇನ್ನೂ ದಪ್ಪದ್ದು ತರಬೇಕು ಎಂದು ಗೊಣಗುತ್ತಾ ಮೈಕಿನವನನ್ನು ಹುಡುಕಿಕೊಂಡು ಹೊರಗೆ ಹೋದರು.

*

ಮುನಿರಾಜು ಏಣಿ ಇಳಿದು ಬಂದ. ನಾಲ್ಕು ಮಾರು ದೂರದಲ್ಲೇ ನಿಂತ. ತುಟಿಯ ಮೇಲೆ ಹಗ್ಗದ ನಾರು ಅಂಟಿತ್ತು.

ಅವನು ತಲೆತಗ್ಗಿಸಿಯೇ ಹೇಳಿದ. ಲಂಡನ್ ಎಂದದ್ದು ಅವಳಿಗಾಗಿಯೇ ಎಂದು ಮೂರು ದಿನ ತನಗೆ ತಾನೇ ಹೇಳಿಕೊಂಡನಂತೆ. ಅದು ಪೂರ್ತಿ ನಿಜವಲ್ಲವಂತೆ. ಐದು ವರ್ಷ ಎಂಬ ಮಾತು ಕೇಳಿಸಿಕೊಳ್ಳಲು ಅವನಿಗೇ ಭಯವಾಗಿತ್ತಂತೆ.

“ನೀವು ಯೋಳ್ಬೇಕು ಅಂದಿದ್ದು ಯೋಳ್ಬುಡಿ ಶರಣವ್ವನೋರೆ. ನಾನು ನಡುವೆ ಬಾಯಿ ಆಕಾಕಿಲ್ಲ.”

ಶರಣವ್ವ ಅವನ ಹತ್ತಿರ ಹೋದಳು. ಈ ಸಲ ತಡಮಾಡಲಿಲ್ಲ.

“ನಂಗ ನಿಮ್ಮ ಮ್ಯಾಲೆ ಪ್ರೀತಿ ಐತಿ. ಮುಂಚಿಂದನೂ ಐತಿ. ಐದು ವರ್ಷ ಆದ ಮ್ಯಾಲೆ ಬಂದು ನಿಮ್ಮನ್ನೇ ಮದುವಿ ಆಗಬೇಕಂತ ಮಾಡೀನಿ. ಕಾಯ್ತೀರೇನು?”

ಅವನು ಬಾಯಿ ತೆರೆದ, ಮುಚ್ಚಿದ. ಕಣ್ಣು ತುಂಬಿ ಬಂತು.

ಅವಳು ಅವನ ಪರವಾಗಿ ಏನೂ ಹೇಳಲಿಲ್ಲ. ಕಾದಳು.

“ಕಾಯ್ತೀನಿ,” ಎಂದ ಅವನು. ದನಿ ಪಿಸುಮಾತಿಗಿಂತ ಸಣ್ಣದಿತ್ತು.

“ಕೇಳಿಸಲಿಲ್ಲ. ಪರದೆ ಹಿಂದ ನಿಂತಾಗ ಇದಕ್ಕಿಂತ ಗಟ್ಟಿ ಇರ್ತಿತ್ತು ದನಿ.”

ಮುನಿರಾಜು ನಕ್ಕುಬಿಟ್ಟ. ತುಟಿಯ ಮೇಲಿನ ನಾರನ್ನು ಅವಳು ಬೆರಳಿನಿಂದ ತೆಗೆದಳು.

“ಕಾಯ್ತೀನಿ ಕಣ್ರೀ!”